ಗ್ರಂಥಿ ತೆಗೆದ ಜಾಗದಲ್ಲಿ ನೀರು ಸೋರಿದರೆ

ಪ್ರಶ್ನೆ: ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ನಮ್ಮಕ್ಕನ ಬಲಗೈ ಊದಿಕೊಂಡಿತ್ತು. ಆ ಊತ ಇಳಿಯಲೆಂದು ತೊಡೆಸಂದಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದು ಕಂಕುಳಿಗೆ ಜೋಡಿಸಿದರು. ಡ್ರೇನ್ ಪೈಪ್ ತೆಗೆಸಿ ಊರಿಗೆ ಬಂದು ಆರು ದಿನ. ಈಗ ತೊಡೆಸಂದಿನ ಹೊಲಿಗೆಯಿಂದ ತಿಳಿ ಹಳದಿ ನೀರು ಸೋರಿ ಬಟ್ಟೆ ಒದ್ದೆಯಾಗುತ್ತಿದೆ. ಬಿಗಿಯಾಗಿ ಕಟ್ಟಬಹುದೆ? ಕಾಫಿಪುಡಿ ಹಾಕಿ ಎನ್ನುವವರೂ ಇದ್ದಾರೆ.
– ಓದುಗರು, ಮೂಡಿಗೆರೆ

ಉತ್ತರ: ಕಾಫಿಪುಡಿ, ಅರಿಸಿನ, ಸುಣ್ಣ ಯಾವುದೂ ಬೇಡ. ತಿಳಿ ಹಳದಿಯಾಗಿ, ವಾಸನೆಯಿಲ್ಲದೆ ಬರುತ್ತಿದ್ದರೆ ಅದು ಬಹುಮಟ್ಟಿಗೆ ದುಗ್ಧರಸ, ಅಂದರೆ ಆ ಗ್ರಂಥಿಗಳ ಮೂಲಕ ಹರಿಯುವ ದ್ರವ (ಲಿಂಫ್). ಅದರಲ್ಲಿ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ರಕ್ತದಂತೆ ಬೇಗ ಹೆಪ್ಪುಗಟ್ಟುವುದಿಲ್ಲ. ನಡೆದಾಗಲೆಲ್ಲ ಕಾಲಿನ ಸ್ನಾಯು ರಸವನ್ನು ಮೇಲಕ್ಕೆ ತಳ್ಳುತ್ತದೆ. ಕತ್ತರಿಸಿದ ನಾಳದ ಬಾಯಿ ಮುಚ್ಚುವವರೆಗೆ ಅದು ಅಲ್ಲೇ ಹೊರಬರುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ನಿಲ್ಲುತ್ತದೆ. ಆದರೂ ಆಪರೇಷನ್ ಮಾಡಿದ ವೈದ್ಯರಿಗೆ ಇವತ್ತೇ ಫೋನ್ ಮಾಡಿ ತಿಳಿಸಿ. ನೀರು ಹೊರಬರುವ ದಾರಿಯಲ್ಲೇ ಸೋಂಕು ಒಳಗೂ ಹೋಗಬಲ್ಲದು.

ಕಟ್ಟುವ ವಿಷಯದಲ್ಲಿ ಬಹಳ ಎಚ್ಚರ ಬೇಕು. ಅಕ್ಕನ ಮೈಮೇಲೆ ಈಗ ಎರಡು ಗಾಯಗಳಿವೆ. ತೊಡೆಸಂದಿಗೆ ಹದವಾದ ಒತ್ತಡ ಒಳ್ಳೆಯದು, ಒಳಗಿನ ಖಾಲಿ ಜಾಗ ಅಂಟಿಕೊಳ್ಳಲು ನೆರವಾಗುತ್ತದೆ. ಕಂಕುಳಿನಲ್ಲಿ ಅದೇ ಒತ್ತಡ ಅಪಾಯ: ಜೋಡಿಸಿದ ಗ್ರಂಥಿ ಬದುಕಿರುವುದು ಕೆಲವೇ ಮಿಲಿಮೀಟರ್ ಅಗಲದ ರಕ್ತನಾಳಗಳ ಮೇಲೆ. ಅಭಿಧಮನಿ ಅಮುಕಿದರೆ ರಕ್ತ ಹಿಂದಿರುಗಲಾಗದೆ ಗ್ರಂಥಿಯೇ ಸಾಯಬಹುದು. ಆದ್ದರಿಂದ ಆ ಮಗ್ಗುಲಿಗೆ ಮಲಗುವುದು, ಬಿಗಿ ರವಿಕೆ, ಆ ತೋಳಿಗೆ ಬಿ.ಪಿ. ಪಟ್ಟಿ ಇವೆಲ್ಲ ಬೇಡ. ಕೈಗೆ ಮತ್ತೆ ಊತ ತಡೆಯುವ ಬಿಗಿ ತೋಳುಚೀಲ (ಕಂಪ್ರೆಷನ್ ಸ್ಲೀವ್) ಹಾಕುವುದು ಯಾವಾಗ ಎಂದು ಸರ್ಜನ್ ಅವರೇ ಹೇಳಲಿ.

ತೊಡೆಸಂದಿಗೆ ಹೊಟ್ಟೆಯ ಕೆಳಭಾಗದಿಂದ ತೊಡೆಯ ಮಧ್ಯದವರೆಗೆ ಬರುವ, ಚಡ್ಡಿಯಂಥ ಕಂಪ್ರೆಷನ್ ಉಡುಪು ಸರಿ; ಅಳತೆಯನ್ನು ವೈದ್ಯರಿಂದಲೇ ಕೇಳಿ ಕೊಳ್ಳಿ. ಅಂಚಿನೊಳಗೆ ಎರಡು ಬೆರಳು ತೂರಬೇಕು. ತೊಡೆಗೆ ಮಾತ್ರ ಪಟ್ಟಿ ಸುತ್ತಿದರೆ ರಸ ಮೇಲೇರದೆ ಕಾಲೇ ಊದುತ್ತದೆ. ಕುಕ್ಕರಗಾಲಿನಲ್ಲಿ ಕೂರುವುದೂ ಹೊಲಿಗೆಯನ್ನು ಎಳೆಯುತ್ತದೆ. ಕಮೋಡ್ ಕುರ್ಚಿ ಬಳಸಿ.

ಸೋರಿಕೆಯನ್ನು ಅಂದಾಜಿನಲ್ಲಿ ಹೇಳಬೇಡಿ, ತೂಗಿ. ಒಣ ಗಾಜ್ ಪ್ಯಾಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿಟ್ಟುಕೊಂಡು, ಒದ್ದೆಯಾದ ಮೇಲೆ ಕವರಿನಲ್ಲಿಟ್ಟು ಮತ್ತೆ ತೂಗಿ, ಕವರಿನ ತೂಕ ಕಳೆಯಿರಿ. ಹೆಚ್ಚಾದ 1 ಗ್ರಾಂ ಎಂದರೆ ಸುಮಾರು 1 ಮಿ.ಲೀ. ಬೆಳಗ್ಗೆ ಏಳರಿಂದ ಮರುದಿನ ಏಳರವರೆಗಿನ ಮೊತ್ತ ಬರೆದಿಡಿ. ಎರಡು ದಿನ ಸತತವಾಗಿ ದಿನಕ್ಕೆ 30 ಮಿ.ಲೀ.ಗಿಂತ ಕಡಿಮೆಯಾದರೆ ಡ್ರೇನ್ ತೆಗೆಯುವುದು ಸಾಮಾನ್ಯ ರೂಢಿ. ನಿಮ್ಮ ಲೆಕ್ಕ ಅದಕ್ಕಿಂತ ಮೇಲಿದ್ದರೆ ವೈದ್ಯರು ತಿಳಿಯಲೇಬೇಕು. ಸೋರಿಕೆ ಒಮ್ಮೆಲೆ ನಿಂತು ಗಡ್ಡೆಯಂತೆ ಉಬ್ಬಿದರೆ ಒಳಗೆ ತುಂಬಿಕೊಂಡಿದೆ ಎಂದರ್ಥ. ಮನೆಯಲ್ಲಿ ಸೂಜಿ ಚುಚ್ಚಬೇಡಿ, ಅದನ್ನು ಸ್ಕ್ಯಾನ್ ನೋಡುತ್ತ ಶುಚಿಯಾಗಿ ಹೀರಿ ತೆಗೆಯಬೇಕು. ಮತ್ತೆ ಮತ್ತೆ ತುಂಬಿದರೆ ಡಾಕ್ಸಿಸೈಕ್ಲಿನ್‌ನಂಥ ಔಷಧ ಒಳಗೆ ಬಿಟ್ಟು ಅಂಟಿಸುವುದೋ, ಬಣ್ಣ ಹಾಯಿಸಿ ಸೋರುವ ನಾಳ ಹುಡುಕಿ ಕಟ್ಟುವುದೋ ಉಳಿದ ದಾರಿ.

ಒದ್ದೆ ಪ್ಯಾಡ್ ಚರ್ಮವನ್ನು ಬೆಳ್ಳಗೆ ನೆನೆಸಿ ಸುಲಿಯುತ್ತದೆ. ಸುತ್ತಲಿನ ಚರ್ಮಕ್ಕೆ ಮಾತ್ರ ಜಿಂಕ್ ಆಕ್ಸೈಡ್ ಮುಲಾಮು ತೆಳ್ಳಗೆ ಹಚ್ಚಿ, ಗಾಯದೊಳಗೆ ಬೇಡ. ಮಲೆನಾಡಿನ ಮಳೆಯಲ್ಲಿ ಬಚ್ಚಲೊಲೆಯ ಮೇಲೆ ಒಣಗಿಸಿದ ಹಳೆ ಸೀರೆ ತುಂಡಿನ ಬದಲು ಪೊಟ್ಟಣದ ಸ್ಟೆರೈಲ್ ಗಾಜನ್ನೇ ಬಳಸಿ. ತೋಟಕ್ಕೂ ಸದ್ಯ ಇಳಿಯಬಾರದು: ಇಂಬಳ ಕಚ್ಚಿದ ಜಾಗ ತುರಿಸಿ ಕೆರೆದರೆ ಸಾಕು, ಊದಿದ ಕೈಯಲ್ಲಾಗಲಿ ಆ ಕಾಲಿನಲ್ಲಾಗಲಿ ಸೋಂಕು ಬೇಗ ಹರಡುತ್ತದೆ.

ಜ್ವರ 100.4 ಡಿಗ್ರಿ ಮುಟ್ಟಿದರೆ, ಚಳಿ ನಡುಕ ಬಂದರೆ, ಕೀವು ಕಂಡರೆ, ಪೆನ್ನಿನಿಂದ ಗುರುತು ಮಾಡಿದ ಗೆರೆ ದಾಟಿ ಕೆಂಪು ಹರಡಿದರೆ ಬೆಂಗಳೂರಿನ ಬಸ್ಸಿಗೆ ಕಾಯದೆ ಆ ಹೊತ್ತಿಗೇ ಚಿಕ್ಕಮಗಳೂರಿನ ಅಥವಾ ಹಾಸನದ ಆಸ್ಪತ್ರೆಗೆ ಹೋಗಿ. ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ.

ಪ್ರಶ್ನೆ: ನನ್ನ ತಾಯಿಗೆ ಗ್ರಂಥಿ ತೆಗೆದದ್ದು ಕುತ್ತಿಗೆಯ ಎಡಭಾಗದಿಂದ. ಡ್ರೇನ್ ಬಲ್ಬಿನಲ್ಲಿ ಹಾಲಿನಂಥ ನೀರು ಬರುತ್ತಿದೆ. ಎಣ್ಣೆ ಬಿಡಿ ಎಂದರು. ತೆಂಗಿನೆಣ್ಣೆಯೂ ಬೇಡವೇ?
– ಓದುಗರು, ಅರಸೀಕೆರೆ

ಉತ್ತರ: ಕರುಳಿನಿಂದ ಕೊಬ್ಬನ್ನು ಹೊತ್ತು ತರುವ ದೊಡ್ಡ ನಾಳ ರಕ್ತಕ್ಕೆ ಸೇರುವುದು ಎಡಗುತ್ತಿಗೆಯ ಬುಡದಲ್ಲೇ. ಅದಕ್ಕೇ ಹಾಲಿನ ಬಣ್ಣ, ಅದಕ್ಕೇ ಎಣ್ಣೆ ಪಥ್ಯ. ಎಂಸಿಟಿ ಎಣ್ಣೆ (ಮಧ್ಯಮ ಉದ್ದದ ಸರಪಳಿಯ ಕೊಬ್ಬಿನ ಎಣ್ಣೆ) ಆ ನಾಳವನ್ನು ಬಹುಮಟ್ಟಿಗೆ ಬಿಟ್ಟು ನೇರ ಯಕೃತ್ತಿಗೆ ಹೋಗುತ್ತದೆ. ತೆಂಗಿನೆಣ್ಣೆ ಅದಲ್ಲ; ಅದರ ಸುಮಾರು ಅರ್ಧ ಪಾಲು ಲಾರಿಕ್ ಆಮ್ಲ, ಅದರಲ್ಲೂ ಸಾಕಷ್ಟು ಇದೇ ನಾಳಕ್ಕೆ ಬರುತ್ತದೆ. ಸದ್ಯಕ್ಕೆ ತೆಂಗಿನಕಾಯಿಯನ್ನೂ ಬಿಡಿ. ರಸದ ಜತೆ ಪ್ರೋಟೀನೂ ಹೋಗುವುದರಿಂದ ಬೇಳೆ, ಮೊಟ್ಟೆಯ ಬಿಳಿ, ಕೆನೆ ತೆಗೆದ ಮಜ್ಜಿಗೆ ಧಾರಾಳವಾಗಿ ಕೊಡಿ. ಬಲ್ಬ್ ಖಾಲಿ ಮಾಡಿದಾಗ ಪೂರ್ತಿ ಅಮುಕಿ ಹಿಡಿದೇ ಮುಚ್ಚಳ ಹಾಕಿ, ಇಲ್ಲದಿದ್ದರೆ ಅದು ಹೀರುವುದಿಲ್ಲ. ಮೂಡಿಗೆರೆಯ ಓದುಗರೂ ಗಮನಿಸಲಿ: ತೊಡೆಸಂದಿನ ರಸದಲ್ಲಿ ಊಟದ ಕೊಬ್ಬು ಇರುವುದಿಲ್ಲ, ಅಕ್ಕನಿಗೆ ಎಣ್ಣೆ ಪಥ್ಯ ಬೇಕಿಲ್ಲ.