ಸಣ್ಣ ಹಾಯಿದೋಣಿ ಓಟದಲ್ಲಿ ನಿಮಗೆ ನೆನಪಾಗುವ ಚಾಂಪಿಯನ್ ಯಾರು? ಯಾಕೆ?

ಉತ್ತರ ಬರೆಯುತ್ತಿರುವವನು ಚಿತ್ರದುರ್ಗದವನು, ನಗಬೇಡಿ. ನಮ್ಮಲ್ಲಿ ಗಾಳಿಗೆ ಬರ ಇಲ್ಲ, ಜೋಗಿಮಟ್ಟಿ ಕಡೆ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳೇ. ಬರ ಏನಿದ್ದರೂ ನೀರಿಗೆ. 1907ರಲ್ಲಿ ಕಟ್ಟಿ ಮುಗಿಸಿದ ನಮ್ಮ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ಆಗ ಊರೆಲ್ಲ ನೋಡಲು ಹೋಯಿತು, ನಾನೂ ಹೋದೆ. ಅಷ್ಟು ನೀರು, ಅಷ್ಟು ಗಾಳಿ, ಒಂದೇ ಒಂದು ಹಾಯಿ ಇಲ್ಲ. ಮನೆಗೆ ಬಂದು ಸುಮ್ನೆ ಹಾಯಿದೋಣಿ ವಿಡಿಯೋ ನೋಡುತ್ತಾ ಕೂತೆ. ಹಾಗೆ ಸಿಕ್ಕವರು ಪಾಲ್ ಎಲ್ವ್‌ಸ್ಟ್ರೋಮ್.

ಡೆನ್ಮಾರ್ಕಿನವರು. 1948ರ ಒಲಿಂಪಿಕ್ಸ್‌ಗೆ ಬಂದಾಗ ವಯಸ್ಸು 20. ಮೊದಲ ಓಟವನ್ನು ಮುಗಿಸಲೇ ಇಲ್ಲ, ಅರ್ಧಕ್ಕೇ ಬಿಟ್ಟರು. ಇನ್ನೊಬ್ಬರಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದರೇನೋ. ಇವರು ಕೊನೆಯ ಎರಡೂ ಓಟ ಗೆದ್ದು ಚಿನ್ನ ತಗೊಂಡರು. ಆಮೇಲೆ 1952, 1956, 1960ರಲ್ಲೂ ಚಿನ್ನ. ಆ ಮೂರೂ ಫಿನ್ ಅನ್ನುವ ದೋಣಿಯಲ್ಲಿ. ಉದ್ದ ನಾಲ್ಕೂವರೆ ಮೀಟರ್, ಒಬ್ಬನೇ ಕೂರಬೇಕು. ಚುಕ್ಕಾಣಿಯೂ ಅವನದೇ, ಹಾಯಿಯ ಹಗ್ಗವೂ ಅವನದೇ.

ಆದರೆ ನನಗೆ ಹಿಡಿಸಿದ್ದು ಪದಕದ ಲೆಕ್ಕ ಅಲ್ಲ, ಒಂದು ಬೆಂಚು. ಗಾಳಿ ಜಾಸ್ತಿಯಾದರೆ ದೋಣಿ ಒಂದು ಕಡೆ ವಾಲುತ್ತದೆ, ಅಲ್ವಾ? ಹಾಗೆ ವಾಲಿದರೆ ವೇಗ ಹೋಯಿತು. ಅದಕ್ಕೆ ಒಳಗಿನ ಪಟ್ಟಿಗೆ ಪಾದ ಸಿಕ್ಕಿಸಿಕೊಂಡು, ಅಂಚಿನ ಮೇಲೆ ಕೂತು, ಇಡೀ ಮೈಯನ್ನು ಗಾಳಿ ಬರುವ ಕಡೆ ನೀರಿನ ಮೇಲೆ ಚಾಚಬೇಕು. ಹೈಕಿಂಗ್ ಅನ್ನುತ್ತಾರೆ. ಎಲ್ವ್‌ಸ್ಟ್ರೋಮ್ ಮನೆಯಲ್ಲೇ ಒಂದು ಬೆಂಚು ಮಾಡಿಕೊಂಡು, ನೆಲದ ಮೇಲೆ ಇದನ್ನೇ ದಿನಾ ಅಭ್ಯಾಸ ಮಾಡಿದರು. ಬೇರೆಯವರು ಸುಸ್ತಾಗಿ ಒಳಗೆ ಸರಿದಾಗಲೂ ಇವರು ಹೊರಗೇ ಇರುತ್ತಿದ್ದರು.

ಎಷ್ಟು ಕಷ್ಟ ನೋಡೋಣ ಅಂತ ನಾನೂ ಮಾಡಿದೆ. ಪಡಸಾಲೆಯ ಬೆಂಚು, ಮಂಚದ ಕಾಲಿಗೆ ಕಟ್ಟಿದ ಹಳೇ ಬ್ಯಾಗಿನ ಪಟ್ಟಿ. ಪಾದ ಸಿಕ್ಕಿಸಿ ಹಿಂದಕ್ಕೆ ಒರಗಿದೆ. ಇಪ್ಪತ್ತು ಎಣಿಸುವಷ್ಟರಲ್ಲಿ ತೊಡೆ ನಡುಗಲು ಶುರು. ಮೂವತ್ತಕ್ಕೆ ಹೊಟ್ಟೆ ಹಿಡಿದುಕೊಂಡಿತು. ಮೂವತ್ತೆಂಟಕ್ಕೆ ಧೊಪ್ಪನೆ ಬಿದ್ದೆ. "ಸೊಂಟ ಹಿಡ್ಕೊಂಡ್ರೆ ಎಣ್ಣೆ ತಿಕ್ಕೋದು ನಾನಲ್ಲರೀ" ಅಂದಳು ಹೆಂಡತಿ. ಅವತ್ತಿನಿಂದ ಆ ಮನುಷ್ಯನ ಮೇಲೆ ಗೌರವ ಇನ್ನೂ ಜಾಸ್ತಿಯಾಯಿತು.

ತಲೆಯೂ ಓಡುತ್ತಿತ್ತು. ದೋಣಿಯೊಳಗೆ ಬಂದ ನೀರನ್ನು ಓಟದ ವೇಗದಲ್ಲೇ ತಳದಿಂದ ಹೊರಗೆ ಎಳೆದು ಹಾಕುವ ಒಂದು ಸಣ್ಣ ಸಾಧನ ಮಾಡಿದರು. ಅದಕ್ಕೆ ಇವತ್ತಿಗೂ ಅವರದೇ ಹೆಸರು.

ಇನ್ನೊಂದು. 1984ರ ಒಲಿಂಪಿಕ್ಸ್‌ನಲ್ಲಿ ಅವರು ಮತ್ತೆ ನೀರಿಗಿಳಿದರು. ವಯಸ್ಸು 56, ಜೊತೆಗೆ ಮಗಳು ಟ್ರೀನ್. ಈ ಸಲ ಟೊರ್ನಾಡೊ ಅನ್ನುವ ಜೋಡಿ ಒಡಲಿನ ದೋಣಿ. ಬಂದದ್ದು ನಾಲ್ಕನೇ ಸ್ಥಾನ, ಸ್ವಲ್ಪದರಲ್ಲಿ ಪದಕ ತಪ್ಪಿತು. 1988ರಲ್ಲೂ ಅಪ್ಪ ಮಗಳು ಬಂದರು. ಅದು ಎಲ್ವ್‌ಸ್ಟ್ರೋಮ್ ಅವರ ಎಂಟನೇ ಒಲಿಂಪಿಕ್ಸ್. 2016ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ನಮ್ಮನೆ ಬೆಂಚು ಇನ್ನೂ ಅಲ್ಲೇ ಇದೆ. ಈಗ ಮಗಳು ಎದುರಿಗೆ ಕೂತು ಎಣಿಸುತ್ತಾಳೆ, ಬೇಕಂತಲೇ ನಿಧಾನವಾಗಿ. ನಿನ್ನೆ ಐವತ್ತೆರಡಕ್ಕೆ ಬಿದ್ದೆ.