ಲೋಡಿಂಗ್ ತಡ, ಡ್ರೈವರನ ಬಾಟಾಕ್ಕೆ ಕತ್ತರಿ

ಪ್ರಶ್ನೆ: ಬದಿಯಡ್ಕದಿಂದ ಮುಂಬೈಗೆ ಅಡಿಕೆ ಸಾಗಿಸುವ ಲಾರಿಗೆ ನಾನೊಬ್ಬನೇ ಡ್ರೈವರ್. ಲೋಡಿಂಗ್‌ಗೇ ಅರ್ಧ ದಿನ ಬೇಕು. ಆದರೂ ಆಫೀಸಿನವರು 36 ಗಂಟೆಯಲ್ಲಿ ಮುಟ್ಟಿಸು, ತಡವಾದರೆ ಬಾಟಾ (ಟ್ರಿಪ್ಪಿನ ಭತ್ಯೆ) ಕಡಿತ ಎನ್ನುತ್ತಾರೆ. ಏನು ಮಾಡಲಿ?
– ಓದುಗ, ಕಾಸರಗೋಡು

ಉತ್ತರ: ದಾರಿ ಸುಮಾರು 950 ಕಿ.ಮೀ. ಲೋಡು ಲಾರಿಗೆ ಗಂಟೆಗೆ ಸರಾಸರಿ 40 ಸಿಕ್ಕರೂ ಸ್ಟೇರಿಂಗ್ ಹಿಡಿಯುವುದೇ 24 ಗಂಟೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರ್ ಸಾರಿಗೆ ಕಾರ್ಮಿಕರ ಕಾಯ್ದೆ ಹಾಕಿಕೊಟ್ಟಿದ್ದ ಸಾಮಾನ್ಯ ಮಿತಿ ದಿನಕ್ಕೆ 8 ಗಂಟೆ, ವಾರಕ್ಕೆ 48. ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ, ಒಂದು ದಿನದ ಕೆಲಸಕ್ಕೂ ಮರುದಿನದ್ದಕ್ಕೂ ನಡುವೆ ಸತತ 9 ಗಂಟೆ ವಿಶ್ರಾಂತಿ. ಲೋಡು ಹೇರಿಸುವುದು, ಕಾಗದಪತ್ರದ ಕೆಲಸವೂ ದುಡಿಮೆಯೇ. ಹಾಗಾಗಿ ಒಬ್ಬ ಡ್ರೈವರಿಗೆ ಕನಿಷ್ಠ ಮೂರು ದಿನ. ಅವಸರವಿದ್ದರೆ ಆಫೀಸಿನವರು ಎರಡನೇ ಡ್ರೈವರನ್ನು ಕೊಡಲಿ. ನಿದ್ದೆಗೆಟ್ಟು ಓಡಿಸಲು ದಯವಿಟ್ಟು ಒಪ್ಪಬೇಡಿ.

ಬಾಟಾ ಉಳಿಸುವುದು ದಾಖಲೆ. ಗೋಡೌನಿಗೆ ಬಂದ ಸಮಯ, ಹೊರಟ ಸಮಯ ಎರಡನ್ನೂ ಎಲ್‌ಆರ್ (ಸರಕಿನ ಜೊತೆಗಿರುವ ಲಾರಿ ರಸೀದಿ) ಮೇಲೆ ಬರೆದು ಅಲ್ಲಿಯವರ ಸಹಿ ಹಾಕಿಸಿ. ಸಹಿ ಕೊಡದಿದ್ದರೆ ಗೇಟಿನ ಮುಂದೆ ನಿಂತ ಲಾರಿಯ ಫೋಟೋ ಆಗಲೇ ಆಫೀಸಿಗೆ ವಾಟ್ಸಾಪ್ ಮಾಡಿ. ಬರೀ ಫೋನಿನಲ್ಲಿ ಹೇಳಿದ್ದು ಲೆಕ್ಕದ ದಿನ ಯಾರಿಗೂ ನೆನಪಿರುವುದಿಲ್ಲ. ದಾರಿಯ ಸಮಯಕ್ಕೆ ಫಾಸ್ಟ್ಯಾಗ್ ಮೆಸೇಜುಗಳೇ ಸಾಕ್ಷಿ. ಹಾಲ್ಟಿಂಗ್ ಹಣ (ಲಾರಿ ಕಾದು ನಿಂತದ್ದಕ್ಕೆ ಸಿಗುವ ಹಣ) ಕೇಳಲೂ ಇವೇ ಆಧಾರ.

ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ಅವಧಿ 200 ಕಿ.ಮೀ.ಗೆ ಒಂದು ದಿನ, ಈ ದಾರಿಗೆ ಐದು ದಿನ. ಲಾರಿ ಕೆಟ್ಟು ನಿಂತರೆ, ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ಆಫೀಸಿನವರು ಅದನ್ನು ವಿಸ್ತರಿಸಬಹುದು. ನಿಂತ ಜಾಗ, ಉಳಿದ ಕಿಲೋಮೀಟರ್ ತಕ್ಷಣ ತಿಳಿಸಿ.