ಯುಗಾದಿಯ ದಿನವೇ ನಿಸಾನ್ ಆರಂಭವಾಗುವುದೇಕೆ?

ಪ್ರಶ್ನೆ: 2024, 2025 ಮತ್ತು 2026ರಲ್ಲಿ ನಮ್ಮ ಚಾಂದ್ರಮಾನ ಯುಗಾದಿಯ ದಿನವೇ ಯಹೂದಿಗಳ ನಿಸಾನ್ ತಿಂಗಳ ಮೊದಲ ದಿನವೂ ಆಗಿದೆ. ನಿಸಾನ್ ಅವರ ಮೊದಲ ತಿಂಗಳು ಎನ್ನುತ್ತಾರೆ; ಆದರೆ ಅವರ ಹೊಸ ವರ್ಷ ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ಇದು ಹೇಗೆ? ಎರಡು ಪಂಚಾಂಗಗಳಿಗೂ ಮೂಲ ಒಂದೇ ಇರಬಹುದೇ?

ಉತ್ತರ: ಇಸ್ರಾಯೇಲ್ಯರು ಈಜಿಪ್ಟಿನ ದಾಸ್ಯದಿಂದ ಹೊರಡುವ ಮುನ್ನವೇ, ಈ ತಿಂಗಳೇ ನಿಮಗೆ ತಿಂಗಳುಗಳಲ್ಲಿ ಮೊದಲನೆಯದಾಗಿರಲಿ ಎಂಬ ಆಜ್ಞೆ ಮೋಶೆ ಮತ್ತು ಆರೋನರಿಗೆ ಬಂದಿತೆಂದು ಬೈಬಲ್ಲಿನ ವಿಮೋಚನಕಾಂಡದ 12ನೆಯ ಅಧ್ಯಾಯ ಹೇಳುತ್ತದೆ. ಹೀಗೆ ತಿಂಗಳುಗಳ ಎಣಿಕೆ ಮತ್ತು ಹಬ್ಬಗಳ ಸರಣಿ ನಿಸಾನ್‌ನಿಂದ ಆರಂಭವಾಗುತ್ತವೆ. ವರ್ಷದ ಸಂಖ್ಯೆ ಮಾತ್ರ ಏಳನೆಯ ತಿಂಗಳಾದ ತಿಶ್ರಿಯ ಮೊದಲ ದಿನ ಬದಲಾಗುತ್ತದೆ. ಯಹೂದಿ ಧರ್ಮಶಾಸ್ತ್ರದ ಸಂಕಲನವಾದ ಮಿಷ್ನಾ ಒಟ್ಟು ನಾಲ್ಕು ವರ್ಷಾರಂಭಗಳನ್ನು ಹೆಸರಿಸುತ್ತದೆ: ಅರಸರ ಆಳ್ವಿಕೆ ಮತ್ತು ಹಬ್ಬಗಳಿಗೆ ನಿಸಾನ್, ಜಾನುವಾರುಗಳ ದಶಮಾಂಶಕ್ಕೆ ಎಲೂಲ್, ವರ್ಷಗಣನೆಗೆ ತಿಶ್ರಿ, ಮರಗಳಿಗೆ ಶೆವಾತ್. ಯುಗಾದಿಗೆ ಹೊಸ ಪಂಚಾಂಗ ಓದಿ, ಏಪ್ರಿಲ್ 1ಕ್ಕೆ ಹೊಸ ಆರ್ಥಿಕ ವರ್ಷ ಹಿಡಿದು, ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ಪೂಜಿಸುವ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ.

'ನಿಸಾನ್' ಎಂಬ ಹೆಸರು ಬ್ಯಾಬಿಲೋನಿನದು. ಅಲ್ಲಿನ 'ನಿಸನ್ನು', ಯಹೂದಿಗಳು ಬ್ಯಾಬಿಲೋನಿನಲ್ಲಿ ಅನುಭವಿಸಿದ ಸೆರೆವಾಸದ ನಂತರ ಅವರ ಬಾಯಲ್ಲಿ ಉಳಿಯಿತು, ಮತ್ತು ನೆಹೆಮೀಯ, ಎಸ್ತೇರ್ ಗ್ರಂಥಗಳಲ್ಲಿ ಕಾಣಿಸಿಕೊಂಡಿತು. ಅದಕ್ಕೂ ಹಿಂದಿನ ಹೆಸರು 'ಅವೀವ್', ಕನ್ನಡ ಬೈಬಲ್ಲಿನ ಅಬೀಬ್. ಹಾಲುಗಾಳು ತುಂಬಿ ಇನ್ನೂ ಹಸಿರಾಗಿರುವ ಜವೆಗೋಧಿಯ ತೆನೆ ಎಂದು ಅದರ ಅರ್ಥ. ನಿಮ್ಮ ಪ್ರಶ್ನೆಯ ಉತ್ತರ ಬಹುಮಟ್ಟಿಗೆ ಆ ತೆನೆಯಲ್ಲೇ ಇದೆ.

ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನಗಳಾಗುತ್ತವೆ. ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಡಿಮೆ. ಈ ಕೊರತೆಯನ್ನು ತುಂಬದ ಇಸ್ಲಾಮಿ ಪಂಚಾಂಗದಲ್ಲಿ ರಂಜಾನ್ ಎಲ್ಲ ಋತುಗಳಲ್ಲೂ ಸುತ್ತುತ್ತದೆ. ನಿಸಾನ್‌ಗೆ ಆ ಸ್ವಾತಂತ್ರ್ಯವಿಲ್ಲ: ಈಜಿಪ್ಟಿನಿಂದ ಬಿಡುಗಡೆಯಾದುದನ್ನು ನೆನೆಯುವ, ಅದರ 15ನೆಯ ದಿನ ಆರಂಭವಾಗುವ ಪಸ್ಕ ಹಬ್ಬ ವಸಂತದಲ್ಲೇ ನಡೆಯಬೇಕು, ಹಬ್ಬದ ಎರಡನೆಯ ದಿನ ದೇವಾಲಯಕ್ಕೆ ಹೊಸ ಜವೆಗೋಧಿಯ ಕಾಣಿಕೆ ಸಲ್ಲಬೇಕಿತ್ತು. ಆದ್ದರಿಂದ ಅದರ ಹಿಂದಿನ ತಿಂಗಳಾದ ಅದಾರ್ ಅನ್ನು ಆಗಾಗ ಎರಡು ಬಾರಿ ಆಚರಿಸುವ ಪದ್ಧತಿ ಬಂದಿತು. ಪ್ರಾಚೀನ ಕಾಲದಲ್ಲಿ ಇದನ್ನು ನಿರ್ಧರಿಸುತ್ತಿದ್ದ ಪಂಡಿತರ ಸಭೆ ಸೂರ್ಯನ ಗತಿ, ಜವೆಗೋಧಿ ಮತ್ತು ಮರದ ಹಣ್ಣುಗಳ ಸ್ಥಿತಿಯನ್ನು ನೋಡುತ್ತಿತ್ತು. ಮಳೆಗೆ ಹಾಳಾದ ದಾರಿ ಮತ್ತು ಸೇತುವೆಗಳು ಯಾತ್ರಿಕರಿಗಾಗಿ ದುರಸ್ತಿಯಾಗಿವೆಯೇ, ಪಸ್ಕದ ಕುರಿಮರಿಯನ್ನು ಸುಡುವ ಒಲೆಗಳು ಒಣಗಿವೆಯೇ ಎಂಬುದನ್ನೂ ಪರಿಗಣಿಸುತ್ತಿತ್ತೆಂದು ಮಿಷ್ನಾವನ್ನು ಚರ್ಚಿಸುವ ಗ್ರಂಥವಾದ ತಾಲ್ಮುದ್ ತಿಳಿಸುತ್ತದೆ. ಒಲೆಯ ಹಸಿಗಾಗಿ ಒಂದು ತಿಂಗಳನ್ನೇ ಮುಂದೂಡುವ ಪಂಚಾಂಗ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಈಗ ಈ ಪರಿಶೀಲನೆಯ ಬದಲು ಗಣಿತವೇ ನಿರ್ಧರಿಸುತ್ತದೆ: 19 ವರ್ಷಗಳ ಚಕ್ರದಲ್ಲಿ 3, 6, 8, 11, 14, 17 ಮತ್ತು 19ನೆಯ ವರ್ಷಗಳಿಗೆ ಹದಿಮೂರು ತಿಂಗಳು.

ನಮ್ಮ ಅಧಿಕ ಮಾಸವೂ ಸರಾಸರಿ 19 ವರ್ಷಕ್ಕೆ ಏಳು ಬಾರಿ ಬರುತ್ತದೆ. ಆಕಾಶದಲ್ಲಿರುವುದು ಒಂದೇ ಚಂದ್ರ, ಒಂದೇ ಸೂರ್ಯ; ಎರಡೂ ಕಡೆ ವಸಂತದ ಅಮಾವಾಸ್ಯೆಯ ನಂತರ ತಿಂಗಳು ಹುಟ್ಟುತ್ತದೆ. ದಿನಗಳು ಕೂಡಿಬರಲು ಇಷ್ಟೇ ಸಾಕು, ಸಮಾನ ಮೂಲವನ್ನು ಕಲ್ಪಿಸಬೇಕಾಗಿಲ್ಲ. ಹೆಚ್ಚುವರಿ ತಿಂಗಳ ಸ್ಥಾನ ಮಾತ್ರ ಬೇರೆ: ಅಲ್ಲಿ ಅದು ಯಾವಾಗಲೂ ಅದಾರ್, ಇಲ್ಲಿ ಸಂಕ್ರಾಂತಿ, ಅಂದರೆ ಸೂರ್ಯನ ರಾಶಿ ಬದಲಾವಣೆ, ಇಲ್ಲದ ಚಾಂದ್ರಮಾಸ. 2020ರಲ್ಲಿ ನಮಗೆ ಅಧಿಕ ಆಶ್ವಯುಜ ಬಂದಿತು, ಅವರು ಹೆಚ್ಚುವರಿ ಅದಾರ್ ಸೇರಿಸಿದ್ದು 2022ರಲ್ಲಿ. ಹೀಗಾಗಿ 2021ರಲ್ಲಿ ನಿಸಾನ್ ಮಾರ್ಚ್ 14ಕ್ಕೆ ಆರಂಭವಾದರೆ ಯುಗಾದಿ ಏಪ್ರಿಲ್ 13ಕ್ಕೆ ಬಂದಿತು. 2022ರಲ್ಲಿ ಎರಡೂ ಮತ್ತೆ ಏಪ್ರಿಲ್ 2ಕ್ಕೆ ಕೂಡಿದವು.

ಕೂಡಿದ ದಿನವೂ ಪೂರ್ತಿ ಒಂದೇ ಅಲ್ಲ. ಯಹೂದಿ ದಿನ ಸೂರ್ಯಾಸ್ತಕ್ಕೆ ಆರಂಭವಾಗುವುದರಿಂದ, ಮಾರ್ಚ್ 19ರ ಬೆಳಗ್ಗೆ ನಾವು ಬೇವು-ಬೆಲ್ಲ ಸವಿಯುವ 2026ರ ಯುಗಾದಿಗೆ ಹಿಂದಿನ ಸಂಜೆಯೇ ನಿಸಾನ್ ಆರಂಭವಾಗಿರುತ್ತದೆ.